ಗಾಡ್ಜಿಲ್ಲಾ ಕುಣಿದರೆ ಯಾರ ಗಂಟು ಹೋಯ್ತು?

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ಗಾಡ್ಜಿಲ್ಲಾ ಎಂಬ ಬೆಂಕಿಯುಗುಳುವ ದೈತ್ಯಪ್ರಾಣಿ ಮತ್ತು ಕಾಂಗ್ ಎಂಬ ದೈತ್ಯ ಗೊರಿಲ್ಲ ಜೋಡಿಯ 2024ರ ಅಮೆರಿಕನ್ ಚಿತ್ರವನ್ನು ಕಳೆದ ಸಂಚಿಕೆಯ ಸಿನಿಮಾ ಪುಟದಲ್ಲಿ ‘ಮಜಾ ಇದೆ’ ಎಂದು ಹೊಗಳಿದ್ದೀರಿ. ನಾನು ಮಗನ ಜೊತೆ ಹಿಂದೂಪುರಕ್ಕೆ ಹೋಗಿ ನೋಡಿದೆ. ಅದು ಬರೀ ಸರ್ಕಸ್. ಗಾಡ್ಜಿಲ್ಲಾ ಗುಲಾಬಿ ಬಣ್ಣಕ್ಕೆ ತಿರುಗಿ ಕುಸ್ತಿ ಆಡುತ್ತದೆ. ಕಾಂಗ್‌ಗೆ ಹಲ್ಲು ಕಿತ್ತು ಹೊಸ ಹಲ್ಲು ಕೂರಿಸುತ್ತಾರೆ. ಅಣುಬಾಂಬಿನ ಸಂಕಟದಿಂದ ಹುಟ್ಟಿದ, ಹೆಸರಲ್ಲೇ ‘ಗಾಡ್’ ಇರುವ ಪಾತ್ರಕ್ಕೆ ಇದು ಅವಮಾನ. 2023ರ ಜಪಾನಿ ಚಿತ್ರ ನೋಡಿ, ಗಾಂಭೀರ್ಯ ಅಂದರೆ ಅದು. ಮಗ ಒಪ್ಪುತ್ತಿಲ್ಲ, ಮನೆಯಲ್ಲಿ ಎರಡು ಪಕ್ಷ ಆಗಿದೆ. ನಿಮ್ಮಂಥವರೂ ಕೋಡಂಗಿತನಕ್ಕೆ ಮಣೆ ಹಾಕಿದರೆ ಚಂದಾ ಮುಂದುವರಿಸುವ ಬಗ್ಗೆ ಯೋಚಿಸಬೇಕಾಗುತ್ತದೆ.

ಒಬ್ಬ ವಿಜ್ಞಾನದ ಮೇಷ್ಟ್ರು, ಪಾವಗಡ

ಸಂಪಾದಕರ ಉತ್ತರ

ಮೇಷ್ಟ್ರೇ,

ನಿಮ್ಮ ಪತ್ರ ಬಂದಾಗ ಕಚೇರಿಯಲ್ಲಿ ಕರೆಂಟ್ ಹೋಗಿತ್ತು. ಕಿಟಕಿ ಹತ್ತಿರ ನಿಂತು ಓದಿದೆ. ಮೂರು ಪುಟ, ನೀಲಿ ಇಂಕು, ಅಲ್ಲಲ್ಲಿ ಕೆಂಪು ಅಡಿಗೆರೆ. ಹಳೇ ಉತ್ತರಪತ್ರಿಕೆ ಕೈಗೆ ಬಂದ ಹಾಗೆ ಎದೆ ಡವಡವ ಅಂತು. ಜಾಗ ಸಾಲದೆ ಪತ್ರವನ್ನು ಚಿಕ್ಕದು ಮಾಡಿದ್ದೇನೆ. ಬೈಗುಳ ಮಾತ್ರ ಒಂದೂ ಬಿಟ್ಟಿಲ್ಲ. ‘ಕೋಡಂಗಿತನ’ ಅನ್ನುವ ಪದಕ್ಕೆ ಎರಡು ಗೆರೆ ಎಳೆದಿದ್ದೀರಿ. ಅಲ್ಲಿಗೇ ಬರುತ್ತೇನೆ. ಅದಕ್ಕೂ ಮೊದಲು ನಿಮಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ.

ಹೌದು, ನೀವು ಹೇಳಿದ ಆ ಜಪಾನಿ ಚಿತ್ರ ‘ಗಾಡ್ಜಿಲ್ಲಾ ಮೈನಸ್ ಒನ್’ ದೊಡ್ಡ ಸಿನಿಮಾ. ನಾನು ನೋಡಿದ್ದು ಮೊಮ್ಮಗಳ ಫೋನಿನಲ್ಲಿ, ಅಂಗೈಯಗಲದ ಪರದೆಯಲ್ಲಿ. ಆದರೂ ಟೋಕಿಯೊದ ಗಿಂಜಾ ಬೀದಿ ಧೂಳಾದ ಮೇಲೆ ಕಪ್ಪು ಮಳೆ ಸುರಿಯುತ್ತದಲ್ಲ, ನಾಯಕ ಅದರಲ್ಲಿ ನೆನೆಯುತ್ತಾ ಕಿರುಚುತ್ತಾನಲ್ಲ, ಅಲ್ಲಿ ಫೋನು ಕೆಳಗಿಟ್ಟು ಕನ್ನಡಕ ಒರೆಸಿಕೊಂಡೆ. ನಿರ್ದೇಶನವೂ ಯಮಝಾಕಿ ತಕಾಶಿ ಅವರದೇ, ಗ್ರಾಫಿಕ್ಸ್ ಉಸ್ತುವಾರಿಯೂ ಅವರದೇ. 35 ಜನರ ತಂಡ ಕಟ್ಟಿಕೊಂಡು 2024ರಲ್ಲಿ ಆಸ್ಕರ್ ಹೊಡೆದರು. ಇದಕ್ಕೆ ನನ್ನ ತಕರಾರಿಲ್ಲ. ಆಯ್ತಲ್ಲ?

ಇನ್ನು ನನ್ನ ಸರದಿ.

ಹೆಸರಲ್ಲೇ ಗಾಡ್ ಇದೆ ಅಂದಿರಿ. ಇಲ್ಲ ಮೇಷ್ಟ್ರೇ. ಜಪಾನಿನಲ್ಲಿ ಅದರ ಹೆಸರು ಗೊಜಿರಾ. ಅವರ ಬಾಯಲ್ಲಿ ಗೊರಿಲ್ಲಕ್ಕೆ ‘ಗೊರಿರಾ’, ತಿಮಿಂಗಿಲಕ್ಕೆ ‘ಕುಜಿರಾ’. ಎರಡನ್ನೂ ಕತ್ತರಿಸಿ ಅಂಟಿಸಿದ್ದಾರೆ, ಅಷ್ಟೇ. ನಮ್ಮಲ್ಲಿ ಹುಟ್ಟಿದ್ದರೆ ‘ಗೊರಿಮಿಂಗಿಲ’ ಅನ್ನುತ್ತಿದ್ದೆವೋ ಏನೋ. ದೇವರು ಸೇರಿಕೊಂಡಿದ್ದು ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ. ವಿಜ್ಞಾನದ ಮೇಷ್ಟ್ರೇ ಸ್ಪೆಲ್ಲಿಂಗ್ ನೋಡಿ ಕೈಮುಗಿದರೆ ಹೇಗೆ?

ಅಣುಬಾಂಬಿನ ಸಂಕಟ ಅಂದಿದ್ದು ಮಾತ್ರ ನೂರಕ್ಕೆ ನೂರು ನಿಜ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ಅದರ ಬೂದಿ ಜಪಾನಿನ ಒಂದು ಮೀನುಗಾರರ ದೋಣಿಯ ಮೇಲೆ ಉದುರಿತು. ದೋಣಿಯಲ್ಲಿದ್ದವರು 23 ಜನ, ಎಲ್ಲರೂ ಕಾಯಿಲೆ ಬಿದ್ದರು. ವೈರ್‌ಲೆಸ್ ನೋಡಿಕೊಳ್ಳುತ್ತಿದ್ದವರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನವೆಂಬರಿನಲ್ಲಿ ಗೊಜಿರಾ ತೆರೆಗೆ ಬಂತು. ನಿರ್ದೇಶಕ ಹೋಂಡಾ ಇಶಿರೋ ಯುದ್ಧ ಮುಗಿಸಿ ಊರಿಗೆ ಮರಳುವಾಗ ಹಿರೋಶಿಮಾವನ್ನು ಕಣ್ಣಾರೆ ಕಂಡವರು. ಆ ಚಿತ್ರದಲ್ಲಿ ನಗುವಿಗೆ ಜಾಗ ಕಮ್ಮಿ.

ಆದರೆ ಮುಂದೇನಾಯ್ತು ನೋಡಿ. 1965ರ ಚಿತ್ರದಲ್ಲಿ ಅದೇ ಗೊಜಿರಾ ಬೇರೊಂದು ಗ್ರಹಕ್ಕೆ ಹೋಗಿ, ಶತ್ರುವನ್ನು ಓಡಿಸಿದ ಖುಷಿಗೆ ಕಾಲೆತ್ತಿ ಕುಣಿಯುತ್ತದೆ. 1967ರಲ್ಲಿ ಅದಕ್ಕೊಂದು ಮರಿ. ಬೆಂಕಿ ಉಗುಳು ಅಂದರೆ ಮರಿ ಹೊಗೆಯ ಉಂಗುರ ಬಿಡುತ್ತದೆ, ಬಾಲ ತುಳಿದ ಮೇಲೇ ಬೆಂಕಿ ಬರೋದು. 1973ರಲ್ಲಿ ಬಾಲದ ಮೇಲೆ ಜಾರಿಕೊಂಡು ಬಂದು ಎರಡೂ ಕಾಲಲ್ಲಿ ಎದುರಾಳಿಯ ಎದೆಗೆ ಒದೆಯುತ್ತದೆ. 1965ರ ಕುಣಿತದ ಚಿತ್ರದ ನಿರ್ದೇಶಕರು ಯಾರು ಗೊತ್ತಾ? ಹೋಂಡಾ ಇಶಿರೋ. ಹಿರೋಶಿಮಾ ನೋಡಿ ಬಂದ ಅದೇ ಮನುಷ್ಯ.

ಹೋಂಡಾಗೆ ಈ ತಮಾಷೆ ಅಷ್ಟಾಗಿ ಹಿಡಿಸಿರಲಿಲ್ಲ, ಒಲವಿದ್ದಿದ್ದು ಸ್ಪೆಷಲ್ ಎಫೆಕ್ಟ್ಸ್ ಮಾಡುತ್ತಿದ್ದ ತ್ಸುಬುರಾಯಾ ಎಯ್ಜಿಗೆ ಅಂತ ನೀವು ಮರುಪತ್ರ ಬರೆಯುತ್ತೀರಿ, ಗೊತ್ತು. ಇರಲಿ. ತ್ಸುಬುರಾಯಾ ಏನು ಹೊರಗಿನವರಾ? 1954ರ ಟೋಕಿಯೊವನ್ನು ಪುಟ್ಟ ಪುಟ್ಟ ಮನೆಗಳಲ್ಲಿ ಕಟ್ಟಿ, ಸುಟ್ಟು ತೋರಿಸಿದವರೇ ಅವರು. ಮಕ್ಕಳು ನೋಡಿ ನಗಲಿ ಅನ್ನುವ ಆಸೆ ಅವರದು. ಹೆತ್ತವರೇ ಮಗುವನ್ನು ಕುಣಿಸಿ ನಗುತ್ತಿರುವಾಗ ಪಕ್ಕದ ಮನೆಯ ನಾವು ‘ಅಯ್ಯೋ, ಮರ್ಯಾದೆ ಹೋಯ್ತು’ ಅನ್ನುವುದು ಯಾಕೆ?

ಈಗ ಕೋಡಂಗಿ.

ನಾನು ಹುಟ್ಟಿದ್ದು ಗುಬ್ಬಿ ಸೀಮೆಯ ಒಂದು ಹಳ್ಳಿಯಲ್ಲಿ. ಸುಗ್ಗಿ ಮುಗಿದ ಮೇಲೆ ಮೂಡಲಪಾಯದ ಆಟ ಆಡುತ್ತಿದ್ದರು. ರಾಜ ಬರುವ ಮೊದಲೇ ಕೋಡಂಗಿ ಬಂದು ಜನರನ್ನು ನಗಿಸಿ ಹೋಗಿರುತ್ತಿದ್ದ. ರಾಜ ಬಂದ ಮೇಲೆ ‘ತಾವು ಯಾರು, ಎಲ್ಲಿಂದ ಬಂದಿರಿ’ ಅಂತ ಕೆಣಕುವುದಕ್ಕೆ ಸಾರಥಿ ಇದ್ದೇ ಇದ್ದ. ನನಗಾಗ ಏಳೋ ಎಂಟೋ ವರ್ಷ. ರಾಕ್ಷಸ ಪರದೆ ಹಿಂದಿನಿಂದ ಒಂದು ಕೂಗು ಹಾಕಿದರೆ ನನ್ನ ತಲೆ ಅಜ್ಜಿಯ ಸೆರಗಿನೊಳಗೆ. ಒಂದು ವರ್ಷ ಉಚ್ಚೆಗೆ ಅಂತ ಚಪ್ಪರದ ಹಿಂದೆ ಹೋದೆ. ಅದೇ ರಾಕ್ಷಸ ಅಲ್ಲಿ ಕಿರೀಟವನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದ. ಮುಖದ ಕೆಂಪು ಬಣ್ಣ ಬೆವರಿಗೆ ಕರಗಿ ಕುತ್ತಿಗೆಗೆ ಇಳಿದಿತ್ತು. ಕೈಯಲ್ಲಿ ಟೀ ಲೋಟ. ಅಂಟಿಸಿದ ಮೀಸೆ ನೆನೆಯಬಾರದಲ್ಲ, ಅದಕ್ಕೆ ಕೆಳತುಟಿಯನ್ನು ಸೌಟಿನ ಹಾಗೆ ಮುಂದೆ ಚಾಚಿ ಸುರ್ ಅಂತ ಹೀರುತ್ತಿದ್ದ. ನೋಡಿದರೆ ನಮ್ಮ ಬೀದಿಯವನೇ, ಗಾಣದ ಮನೆಯವನು! ‘ಏನ್ಲಾ, ನಿದ್ದೆ ಬಂತಾ?’ ಅಂದ. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಬಂದು ಅಜ್ಜಿ ಪಕ್ಕ ಕೂತೆ. ಐದು ನಿಮಿಷಕ್ಕೆ ಅವನು ರಂಗಕ್ಕೆ ಹಾರಿ ಬಂದು ಕೂಗಿದ.

ಮತ್ತೆ ಸೆರಗು. ಆವತ್ತು ಹೆದರಿದಷ್ಟು ನಾನು ಯಾವತ್ತೂ ಹೆದರಿರಲಿಲ್ಲ.

ಗೊಜಿರಾ ಒಳಗೂ ಅಂಥವನೊಬ್ಬ ಇದ್ದ, ನಕಾಜಿಮಾ ಹರುವೊ ಅಂತ. ಮೊದಲ ವೇಷ 100 ಕಿಲೋ ಹತ್ತಿರ ತೂಗುತ್ತಿತ್ತಂತೆ, ದೀಪದ ಕಾವಿಗೆ ಒಳಗೆ ಕೆಲವೇ ನಿಮಿಷ ಇರಲು ಆಗುತ್ತಿದ್ದುದು. ಆ ಘರ್ಜನೆ ಬಂದಿದ್ದು ಡಬಲ್ ಬಾಸ್ ಅನ್ನುವ ದೊಡ್ಡ ಪಿಟೀಲಿನಂಥ ವಾದ್ಯದಿಂದ. ಅದರ ತಂತಿ ಸಡಿಲ ಮಾಡಿ, ರಾಳ ಸವರಿದ ಚರ್ಮದ ಗ್ಲೌಸಿನಲ್ಲಿ ಉಜ್ಜಿದರು. ಇದನ್ನು ತಿಳಿದ ಮೇಲೂ ಕೇಳಿ ನೋಡಿ, ಮೈ ಜುಮ್ಮೆನ್ನದಿದ್ದರೆ ಹೇಳಿ. ನಮ್ಮ ತೊಗಲುಗೊಂಬೆಯಲ್ಲೂ ರಾಮಾಯಣದ ಮಧ್ಯೆಯೇ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಪೋಲಿ ಮಾತಾಡಿ ಹೋಗುತ್ತಾರೆ. ರಾಮನಿಗೆ ಅವಮಾನ ಆಯ್ತು ಅಂತ ಚಾಪೆ ಸುತ್ತಿಕೊಂಡು ಎದ್ದು ಹೋದವರನ್ನು ನಾನಂತೂ ಕಂಡಿಲ್ಲ.

ಗುಬ್ಬಿ ಅಂದೆನಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯನ್ನು ಬೆಳೆಸಿದ ವೀರಣ್ಣನವರು ಮೊದಲು ಹೆಸರಾಗಿದ್ದು ಹಾಸ್ಯನಟರಾಗಿ. ‘ಸದಾರಮೆ’ಯಲ್ಲಿ ಅವರ ಕಳ್ಳನ ಪಾತ್ರ ನೋಡಲು ಗಾಡಿ ಕಟ್ಟಿಕೊಂಡು ಹೋಗಿದ್ದನ್ನು ನಮ್ಮಜ್ಜ ಸಾಯುವವರೆಗೂ ಹೇಳಿದರು. ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದಿದ್ದೂ ಇದೇ ಕಂಪನಿ. ಗೊಜಿರಾ ಬಂದ 1954ರಲ್ಲೇ ಇವರ ‘ಬೇಡರ ಕಣ್ಣಪ್ಪ’ ಸಿನಿಮಾ ಆಯ್ತು. ಕಣ್ಣು ಕಿತ್ತು ಶಿವನಿಗೆ ಕೊಡುವವನ ಕಥೆ, ಅದಕ್ಕಿಂತ ಗಂಭೀರ ಇನ್ನೇನು ಬೇಕು? ಅದರೊಳಗೆ ನಮ್ಮ ತಿಪಟೂರಿನ ನರಸಿಂಹರಾಜು ಇದ್ದಾರೆ. ರಾಜ್‌ಕುಮಾರ್ ಅಳಿಸುತ್ತಾರೆ, ಅವರು ನಗಿಸುತ್ತಾರೆ. ನಮ್ಮಮ್ಮ ಎರಡಕ್ಕೂ ಒಂದೇ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಈ ಹೊಸ ಚಿತ್ರದಲ್ಲಿ ಗಾಡ್ಜಿಲ್ಲಾ ರೋಮಿನ ಕೊಲೋಸಿಯಂ ಒಳಗೆ ಮೈ ಸುತ್ತಿಕೊಂಡು ಮಲಗುತ್ತದಲ್ಲ, ನಮ್ಮನೆ ಬೆಕ್ಕು ಮೊರದಲ್ಲಿ ಮಲಗುವುದೂ ಥೇಟ್ ಹಾಗೇ. ಥಿಯೇಟರಿನಲ್ಲಿ ಜೋರಾಗಿ ನಕ್ಕೆ. ಪಕ್ಕದ ಸೀಟಿನ ಹುಡುಗ ನನ್ನನ್ನು ನೋಡಿ ಅವನೂ ನಕ್ಕ. ಇದಕ್ಕೆಲ್ಲ ಕ್ಷಮೆ ಕೇಳುವ ಮನಸ್ಸು ನನಗಿಲ್ಲ.

ಇನ್ನೊಂದು ಮಾತು. ನೀವು ನೋಡಿದ್ದು ಹಿಂದೂಪುರದಲ್ಲಿ, ಅಂದರೆ ತೆಲುಗಿನಲ್ಲಿ ಅಲ್ವಾ? ನಾನು ನೋಡಿದ ಆಟವೂ ತೆಲುಗಿನದೇ. ಆಮೇಲೆ ಮೊಮ್ಮಗಳು ಇಂಗ್ಲಿಷಿನಲ್ಲಿ ಹಾಕಿ ತೋರಿಸಿದಳು. ನನ್ನ ಕಿವಿಗೆ ತೆಲುಗಿನಲ್ಲಿ ಹಾಸ್ಯ ಜಾಸ್ತಿ ಅನ್ನಿಸಿತು. ಸಿನಿಮಾದ ಧಾಟಿ ನಿರ್ದೇಶಕರೊಬ್ಬರ ಕೈಯಲ್ಲೇ ಇರುವುದಿಲ್ಲ ಮೇಷ್ಟ್ರೇ. ಮೊದಲ ಗೊಜಿರಾವನ್ನು ಅಮೆರಿಕದವರು 1956ರಲ್ಲಿ ಏನು ಮಾಡಿದರು? ಅಲ್ಲಲ್ಲಿ ಕತ್ತರಿಸಿದರು. ರೇಮಂಡ್ ಬರ್ ಅನ್ನುವ ನಟನನ್ನು ಪತ್ರಕರ್ತ ಅಂತ ಮಧ್ಯೆ ತೂರಿಸಿದರು. ಬಾಂಬಿನ ಮಾತನ್ನು ತೆಳ್ಳಗೆ ಮಾಡಿದರು. ಹೋಂಡಾ ತೆಗೆದ ಮೂಲ ಚಿತ್ರ ಅಲ್ಲಿನ ಥಿಯೇಟರುಗಳಲ್ಲಿ ಸರಿಯಾಗಿ ಬಿಡುಗಡೆ ಆಗಲು 2004 ಬರಬೇಕಾಯ್ತು. ಐವತ್ತು ವರ್ಷ! ಸಿಟ್ಟು ಮಾಡಿಕೊಳ್ಳಲೇಬೇಕು ಅಂದರೆ ಅದಕ್ಕೆ ಮಾಡಿಕೊಳ್ಳಿ, ನಾನೂ ಜೊತೆಗಿದ್ದೇನೆ.

ಮತ್ತೆ ಸಿಟ್ಟು ಮಿಕ್ಕಿದ್ದರೆ ಇಲ್ಲೇ ಸ್ವಲ್ಪ ಖರ್ಚು ಮಾಡಿ. ನಾವಿಬ್ಬರೂ ತುಮಕೂರು ಜಿಲ್ಲೆಯವರು, ಇಬ್ಬರೂ ಈ ಚಿತ್ರವನ್ನು ತೆಲುಗಿನಲ್ಲಿ ನೋಡಿದ್ದೇವೆ. ಕನ್ನಡಕ್ಕೆ ಡಬ್ಬಿಂಗ್ ಬೇಡ ಅಂತ ದಶಕಗಳ ಕಾಲ ಬರೆಯದ ಕಾನೂನು ಇಟ್ಟುಕೊಂಡಿದ್ದೆವು. ನಮ್ಮ ಕಲಾವಿದರ ಅನ್ನ ಉಳಿಯಲಿ ಅಂದರು, ಆ ಕಾಲಕ್ಕೆ ಅದರಲ್ಲಿ ನ್ಯಾಯವೂ ಇತ್ತು. 2015ರಲ್ಲಿ, ವ್ಯಾಪಾರದ ಪೈಪೋಟಿಗೆ ಯಾರೂ ಅಡ್ಡ ಬರದಂತೆ ನೋಡಿಕೊಳ್ಳುವ ಸ್ಪರ್ಧಾ ಆಯೋಗ ಇದು ತಪ್ಪು ಅಂತ ದಂಡ ಹಾಕಿತು. ಆಮೇಲೆ ಡಬ್ಬಿಂಗ್ ಬಂತು ನಿಜ. ಅದರ ಕನ್ನಡ ಕೇಳಿದ್ದೀರಾ? ನಾನು ಕೇಳಿದ್ದರಲ್ಲಿ ಲಾರಿ ಓಡಿಸುವವನೂ ‘ನನ್ನ ಸಹನೆಗೂ ಮಿತಿಯಿದೆ’ ಅನ್ನುತ್ತಾನೆ. ಕಳ್ಳನೂ ಭಾಷಣ ಮಾಡುತ್ತಾನೆ. ಕನ್ನಡ ಅಂದ ಕೂಡಲೇ ಬೆನ್ನು ನೆಟ್ಟಗೆ ಮಾಡಿ ಕೂರಬೇಕು ಅಂತ ಯಾರೋ ತಲೆಗೆ ತುಂಬಿಬಿಟ್ಟಿದ್ದಾರೆ. ಮಧುಗಿರಿ ಸಂತೆಯ ಮಾತನ್ನೋ, ನಿಮ್ಮ ಪಾವಗಡದ ತೆಲುಗು ಬೆರೆತ ಕನ್ನಡವನ್ನೋ ಆ ಪಾತ್ರಗಳ ಬಾಯಿಗೆ ಹಾಕಿದ್ದರೆ ಹೇಗಿರುತ್ತಿತ್ತು, ಯೋಚಿಸಿ.

ಪತ್ರಿಕೆಯವರಾದ ನಾವೂ ಕಮ್ಮಿ ಇಲ್ಲ. ಹಾಸ್ಯ ಲೇಖನ ಅಂದರೆ ಕೊನೆಯ ಪುಟ, ಅದೂ ಜಾಹೀರಾತು ಬರದಿದ್ದರೆ. ವರ್ಷಗಳ ಹಿಂದೆ ಒಂದು ಕಥಾಸ್ಪರ್ಧೆಯ ತೀರ್ಪುಗಾರರಲ್ಲಿ ನಾನೂ ಒಬ್ಬನಾಗಿದ್ದೆ. ಬಂದ ಕಥೆಗಳಲ್ಲಿ ನಗಿಸಿದ್ದು ಒಂದೇ ಒಂದು. ಕಾಲೇಜು ಹುಡುಗಿ ಬರೆದಿದ್ದಳು, ಅಜ್ಜಿಯ ಹಲ್ಲುಸೆಟ್ಟು ಕಳೆದುಹೋದ ಕಥೆ. ಓದುವಾಗ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬಹುಮಾನದ ಮಾತು ಬಂದಾಗ ಹಿರಿಯರೊಬ್ಬರು ‘ಚೆನ್ನಾಗಿದೆ, ಆದರೆ ಹಗುರ’ ಅಂದರು. ನಾನು ತಲೆಯಾಡಿಸಿದೆ. ಬಹುಮಾನ ಹೋಗಿದ್ದು ಬರಗಾಲದ ಕಥೆಗೆ. ಅದರಲ್ಲಿ ಏನಿತ್ತು ಅಂತ ಈಗ ನೆನಪಿಲ್ಲ. ಹಲ್ಲುಸೆಟ್ಟು ಹಿಟ್ಟಿನ ಡಬ್ಬದಲ್ಲಿ ಸಿಕ್ಕಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಆ ಹುಡುಗಿಯ ಹೆಸರು ಆಮೇಲೆ ಯಾವ ಪತ್ರಿಕೆಯಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ‘ಕೋಡಂಗಿತನ’ದ ಕೆಳಗೆ ನಿಮ್ಮ ಎರಡು ಗೆರೆ ನೋಡಿದಾಗ ನನಗೆ ಮೊದಲು ನೆನಪಾಗಿದ್ದು ಅವಳೇ, ಗಾಡ್ಜಿಲ್ಲಾ ಅಲ್ಲ.

ಇನ್ನು ಚಂದಾ ವಿಷಯ. ರಿಜಿಸ್ಟರ್ ತೆಗೆದು ನೋಡಿದೆ. ನಿಮ್ಮ ಚಂದಾ ಮುಗಿದು ಆಗಲೇ ಮೂರು ತಿಂಗಳಾಗಿದೆ. ನಿಮ್ಮ ಪತ್ರಗಳ ಆಸೆಗೆ ಸುಮ್ನೆ ಕಳಿಸುತ್ತಿದ್ದೇವೆ. ಮುಂದೆಯೂ ಕಳಿಸುತ್ತೇವೆ. ಆದರೆ ಮುಂದಿನ ಪತ್ರ ನಿಮ್ಮದು ಬೇಡ, ಮಗನಿಂದ ಬರೆಸಿ. ಸಿನಿಮಾ ಪುಟದಲ್ಲಿ ಅರ್ಧ ಪುಟ ಖಾಲಿ ಇಟ್ಟಿರುತ್ತೇನೆ. ಅಂಚೆಗೆ ಹಾಕುವ ಮೊದಲು ನೀವು ಓದಬಹುದು, ಕೆಂಪು ಪೆನ್ನು ಮಾತ್ರ ಮುಟ್ಟಬೇಡಿ.