ಬೈಬಲ್ಲಿನ ‘ಒಳ ಅರ್ಥ’ ಓದಿದರೆ ಮನಸ್ಸಿಗೆ ನೆಮ್ಮದಿ ಸಿಗುತ್ತಾ?

ನೀವು ಕೇಳಿದ್ದು ಇಷ್ಟು: ನೀವು ಕ್ರೈಸ್ತರಲ್ಲ. ಯೇಸುವಿನ ಮಾತುಗಳಿಗೆ ಒಂದು ‘ಮೆಟಾಫಿಸಿಕಲ್’ ಅರ್ಥ, ಅಂದರೆ ಒಳ ಅರ್ಥ ಇದೆ, ಅದನ್ನು ಓದಿದರೆ ಪಾಸಿಟಿವ್ ಆಗಿ ಯೋಚಿಸಲು ಬರುತ್ತದೆ ಎಂದು ಗೆಳೆಯರು ಹೇಳಿದ್ದಾರೆ. ಅದು ನಿಜವಾ, ಎಲ್ಲಿಂದ ಶುರು ಮಾಡಬೇಕು?

ಅರ್ಧ ನಿಜ. ಆ ಅರ್ಧ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಉಳಿದರ್ಧದಿಂದ ನಮ್ಮ ಮನೆಯಲ್ಲಿ ಒಬ್ಬರಿಗೆ ನೋವೂ ಆಗಿದೆ. ಎರಡನ್ನೂ ಹೇಳುತ್ತೇನೆ.

ನಾನು ಹುಬ್ಬಳ್ಳಿಯವನು, ಬಾಸೆಲ್ ಮಿಶನ್ ಕಾಲದಿಂದ ಚರ್ಚಿಗೆ ಹೋಗುತ್ತಿರುವ ಮನೆತನ. ಆದರೆ ಈ ಓದು ನನಗೆ ಸಿಕ್ಕಿದ್ದು ನಮ್ಮ ಚರ್ಚಿನಲ್ಲಲ್ಲ, ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ. ಕೆಲಸಕ್ಕೆಂದು ಹೋಗಿ ಅಲ್ಲಿ ನಾಲ್ಕು ವರ್ಷ ಇದ್ದೆ. ಊರಿನ ಹೊರಗೆ ಯೂನಿಟಿ ವಿಲೇಜ್ ಅಂತ ಒಂದು ಜಾಗ ಇದೆ. ಕಾರಂಜಿ, ಗುಲಾಬಿ ತೋಟ, ಒಂದು ಎತ್ತರದ ಗೋಪುರ. ಭಾನುವಾರ ಸುಮ್ನೆ ತಿರುಗಾಡಲು ಹೋಗುತ್ತಿದ್ದವನು ಆಮೇಲೆ ಅವರ ಪುಸ್ತಕಗಳನ್ನೂ ಓದತೊಡಗಿದೆ.

ಯೂನಿಟಿ ಎಂಬ ಈ ಪಂಥ ಶುರುವಾಗಿದ್ದು ಗಂಡ ಹೆಂಡತಿ ಇಬ್ಬರಿಂದ. ಮರ್ಟಲ್ ಫಿಲ್ಮೋರ್ ಎಂಬಾಕೆಗೆ ಕ್ಷಯ ಇತ್ತು. 1886ರಲ್ಲಿ ಒಂದು ಉಪನ್ಯಾಸ ಕೇಳಲು ಹೋದವರು ಒಂದೇ ಮಾತು ಹಿಡಿದುಕೊಂಡು ವಾಪಸ್ ಬಂದರು: ನಾನು ದೇವರ ಮಗಳು, ಹಾಗಾಗಿ ಕಾಯಿಲೆ ನನ್ನ ಪಿತ್ರಾರ್ಜಿತ ಅಲ್ಲ. ಅದನ್ನೇ ದಿನವೂ ಹೇಳಿಕೊಂಡು ಗುಣವಾದೆ ಎಂದು ಅವರೇ ಬರೆದಿದ್ದಾರೆ. ಗಂಡ ಚಾರ್ಲ್ಸ್ 1889ರಲ್ಲಿ ಪತ್ರಿಕೆ ಶುರು ಮಾಡಿದರು. ಆ ಕಾಲದಲ್ಲಿ ಈ ಗಾಳಿ ಅಮೆರಿಕದ ತುಂಬಾ ಬೀಸುತ್ತಿತ್ತು. ಅದಕ್ಕೂ ಮೊದಲೇ ಮೇನ್ ರಾಜ್ಯದಲ್ಲಿ ಕ್ವಿಂಬಿ ಎಂಬ ಗಡಿಯಾರ ತಯಾರಕ, ಆಮೇಲೆ ಬಾಸ್ಟನ್ನಿನಲ್ಲಿ ‘ಕ್ರಿಶ್ಚಿಯನ್ ಸೈನ್ಸ್’ ಪಂಥ ಕಟ್ಟಿದ ಮೇರಿ ಬೇಕರ್ ಎಡ್ಡಿ, ಹೀಗೆ ಹಲವರು ರೋಗಕ್ಕೂ ಮನಸ್ಸಿಗೂ ಗಂಟು ಹಾಕಿದ್ದರು. 1894ರಲ್ಲಿ ಮೇನ್‌ನ ಗ್ರೀನ್ ಏಕರ್‌ನಲ್ಲಿ ಇಂಥವರ ನಡುವೆ, ಪೈನ್ ಮರದ ಕೆಳಗೆ ಕೂತು ವಿವೇಕಾನಂದರು ‘ಶಿವೋಹಂ’ ಹೇಳಿಕೊಟ್ಟಿದ್ದರು. ‘ದೇಹವೇ ದೇಗುಲ’ ಕೇಳಿ ಬೆಳೆದ ನಮಗೆ ಇವರ ಮಾತು ಅಷ್ಟೇನೂ ಹೊಸದು ಅನ್ನಿಸುವುದಿಲ್ಲ, ಅಲ್ವಾ?

ಇವರ ಓದುವ ರೀತಿ ಹೀಗೆ: ಬೈಬಲ್ಲಿನ ಊರು, ಜನ, ಘಟನೆ ಎಲ್ಲವೂ ನಮ್ಮೊಳಗೇ ಇವೆ. ಹನ್ನೆರಡು ಶಿಷ್ಯರು ಅಂದರೆ ಹನ್ನೆರಡು ಶಕ್ತಿಗಳು. ಪೇತ್ರ ನಂಬಿಕೆ, ಯೋಹಾನ ಪ್ರೀತಿ, ಮತ್ತಾಯ ಇಚ್ಛೆ. 1931ರಲ್ಲಿ ಹೆಸರು ಹೆಸರಿಗೂ ಹೀಗೆ ಅರ್ಥ ಹೇಳುವ ದಪ್ಪ ನಿಘಂಟನ್ನೇ ತಂದರು. ನಿಜ ಹೇಳಬೇಕೆಂದರೆ ಅದರಲ್ಲಿ ಎಷ್ಟೋ ಕಡೆ ಎಳೆದು ತಂದ ಅರ್ಥಗಳಿವೆ.

ಆದರೆ ಕೆಲವು ಕಡೆ ಈ ಓದು ನೇರವಾಗಿ ತಾಗುತ್ತದೆ. ‘ಪಶ್ಚಾತ್ತಾಪ’ ಎಂದು ನಾವು ಸಾಮಾನ್ಯವಾಗಿ ಹೇಳುವ ಜಾಗದಲ್ಲಿ ಮೂಲ ಗ್ರೀಕಿನಲ್ಲಿರುವುದು ‘ಮೆಟಾನೋಯಾ’, ಮನಸ್ಸು ಬದಲಾಗುವುದು. ಕನ್ನಡ ಕ್ರೈಸ್ತರ ‘ಮಾನಸಾಂತರ’ ಎಂಬ ಪದ ಅದಕ್ಕೆ ಎಷ್ಟು ಹತ್ತಿರ ನೋಡಿ. ಎದೆ ಬಡಿದುಕೊಳ್ಳುವುದಲ್ಲ, ಯೋಚನೆಯ ದಿಕ್ಕು ತಿರುಗಿಸುವುದು.

ಇನ್ನೊಂದು, ಬೈಬಲ್ಲಿನಲ್ಲಿ ಮಾರ್ಕನು ಬರೆದ ಯೇಸುವಿನ ಕಥೆಯ 4ನೇ ಅಧ್ಯಾಯದ ಬಿರುಗಾಳಿ. ಅಲೆ ದೋಣಿಯೊಳಗೆ ನುಗ್ಗುತ್ತಿದೆ, ಶಿಷ್ಯರು ಕಿರುಚುತ್ತಿದ್ದಾರೆ, ಯೇಸು ಹಿಂಭಾಗದಲ್ಲಿ ದಿಂಬಿಗೆ ತಲೆಕೊಟ್ಟು ನಿದ್ದೆ ಮಾಡುತ್ತಿದ್ದಾನೆ. ಎಬ್ಬಿಸಿದಾಗ ಎದ್ದು ಸಮುದ್ರಕ್ಕೆ ‘ಸುಮ್ಮನಿರು’ ಅನ್ನುತ್ತಾನೆ. ಒಳ ಅರ್ಥದಲ್ಲಿ ದೋಣಿಯೂ ನೀವೇ, ಗಾಳಿಯೂ ನಿಮ್ಮದೇ ಭಯ, ಮಲಗಿರುವ ಶಾಂತಿಯೂ ನಿಮ್ಮೊಳಗಿನದೇ. ಎಬ್ಬಿಸಬೇಕು ಅಷ್ಟೇ.

ಇದನ್ನು ನಾನು ಪ್ರಯೋಗ ಮಾಡಿ ನೋಡಿದ್ದು ಒಂದು ರಾತ್ರಿ. ಅವ್ವನ ಎದೆಯಲ್ಲಿ ಗಂಟು ಸಿಕ್ಕಿತ್ತು, ಬಯಾಪ್ಸಿ ಆಗಿತ್ತು. ಕ್ಯಾನ್ಸಸ್‌ನಲ್ಲಿ ರಾತ್ರಿ ಮೂರು ಗಂಟೆ, ಹುಬ್ಬಳ್ಳಿಯಲ್ಲಿ ಮಧ್ಯಾಹ್ನ ಒಂದೂವರೆ. ‘ನಾಲ್ಕಕ್ಕೆ ರಿಪೋರ್ಟ್ ಬರ್ತದ’ ಎಂದು ತಂಗಿ ವಾಟ್ಸ್ಯಾಪ್ ಮಾಡಿದ್ದಳು. ಅಡುಗೆಮನೆಯ ನೆಲದ ಮೇಲೆ, ಫ್ರಿಜ್‌ಗೆ ಬೆನ್ನು ಕೊಟ್ಟು ಕೂತೆ. ಉಸಿರು ಬಿಡುವಾಗಲೆಲ್ಲ ‘ಸುಮ್ಮನಿರು’ ಅಂದುಕೊಂಡೆ. ಎರಡೂವರೆ ಗಂಟೆ. ಭಯ ಹೋಗಲಿಲ್ಲ. ಆದರೆ ಅದರ ಬಾಯಿ ಸ್ವಲ್ಪ ಕಡಿಮೆಯಾಯಿತು. ತಂಗಿಯ ಫೋನ್ ಬಂದಾಗ ಕೈ ನಡುಗದೆ ಎತ್ತಿಕೊಂಡೆ.

ರಿಪೋರ್ಟ್ ಕೆಟ್ಟದ್ದೇ ಬಂತು. ಆಪರೇಷನ್, ಕೀಮೋ ಎಲ್ಲ ಆಯಿತು. ಈಗ ಅವ್ವ ಆರಾಮಾಗಿದ್ದಾಳೆ, ಗುಣವಾಗಿದ್ದು ಔಷಧಿಯಿಂದ.

ನೋವು ಅಂದೆನಲ್ಲ, ಅದು ಕೀಮೋ ನಡೆಯುವಾಗ ಆದದ್ದು. ಇಂಥದ್ದನ್ನೆಲ್ಲ ಓದಿಕೊಂಡ ಪರಿಚಯದವರೊಬ್ಬರು ಮನೆಗೆ ಬಂದು, ‘ಮನಸ್ಸಿನಲ್ಲಿ ಕಹಿ ಇಟ್ಟುಕೊಂಡರೆ ಅದೇ ಗಂಟಾಗುತ್ತದೆ’ ಎಂದು ಹೇಳಿ ಹೋದರು. ಎರಡು ದಿನ ಬಿಟ್ಟು ಅವ್ವ ಫೋನಿನಲ್ಲಿ, ‘ಯಾರ ಮ್ಯಾಲೆ ಸಿಟ್ಟು ಇಟ್ಕೊಂಡಿದ್ನೋ ನೆನಪಾಗವಲ್ದು ನೋಡಪ್ಪ’ ಅಂದಳು. ತಲೆಗೂದಲು ಉದುರಿದಾಗಲೂ ಅಳದವಳ ದನಿ ಅಂದು ಕಟ್ಟಿತ್ತು.

ಯೋಚನೆ ಬದಲಾದರೆ ರೋಗ ಹೋಗುತ್ತದೆ ಎಂದು ಒಮ್ಮೆ ಒಪ್ಪಿಕೊಂಡರೆ, ಹೋಗದೇ ಇದ್ದಾಗ ತಪ್ಪು ರೋಗಿಯ ತಲೆಗೇ ಬರುತ್ತದೆ. ಈ ಪಂಥದ ದೊಡ್ಡ ಗುಂಡಿ ಇದೇ. ದೇಹವನ್ನು ಸಾವಿಲ್ಲದಂತೆ ಮಾಡಬಹುದು ಎಂದು ನಂಬಿದ್ದ ಚಾರ್ಲ್ಸ್ ಫಿಲ್ಮೋರ್ ಕೂಡ 1948ರಲ್ಲಿ, 93ನೇ ವಯಸ್ಸಿಗೆ, ಎಲ್ಲರ ಹಾಗೆ ತೀರಿಕೊಂಡರು.

ಮಜಾ ಏನೆಂದರೆ ಇದಕ್ಕೆ ಉತ್ತರ ಬೈಬಲ್ಲಿನಲ್ಲೇ ಇದೆ. ಯೋಹಾನ 9ರಲ್ಲಿ ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಕೇಳುತ್ತಾರೆ: ಯಾರು ಪಾಪ ಮಾಡಿದ್ದಕ್ಕೆ ಹೀಗಾಯಿತು, ಇವನೋ ಇವನ ಅಪ್ಪ ಅಮ್ಮನೋ? ಯೇಸು ಇಬ್ಬರೂ ಅಲ್ಲ ಅನ್ನುತ್ತಾನೆ. ಅವ್ವನಿಗೆ ಅದನ್ನು ಫೋನಿನಲ್ಲೇ ಓದಿದೆ. ‘ನಂಗ ಗೊತ್ತಿಲ್ಲೇನು ಅದು’ ಅಂತ ಬೈದಳು. ದನಿ ಮೊದಲಿನ ಹಾಗಾಗಿತ್ತು.

ಅದಕ್ಕೇ ಹೇಳುವುದು, ಒಳ ಅರ್ಥವನ್ನು ನಿಮ್ಮ ಭಯದ ಮೇಲೆ ಬಳಸಿ, ಬೇರೆಯವರ ಕಷ್ಟಕ್ಕೆ ಕಾರಣ ಹುಡುಕಲು ಬಳಸಬೇಡಿ. ನಗುಮುಖವನ್ನೂ ಒತ್ತಾಯಕ್ಕೆ ಹಾಕಿಕೊಳ್ಳಬೇಡಿ. ಸೆರೆಸಿಕ್ಕುವ ಮೊದಲು ಗೆತ್ಸೆಮನೆ ತೋಟದಲ್ಲಿ ಯೇಸುವೇ ಪ್ರಾಣ ಹೋಗುವಷ್ಟು ದುಃಖವಾಗಿದೆ ಎಂದು ಬಾಯಿಬಿಟ್ಟು ಹೇಳಿದ.

ಶುರು ಮಾಡಲು ನಿಘಂಟು ಬೇಡ, ಯೂಟ್ಯೂಬ್ ಗುರುಗಳೂ ಬೇಡ. ಬೈಬಲ್ಲಿನ ಮತ್ತಾಯ ಎಂಬ ಭಾಗದ 5ರಿಂದ 7ನೇ ಅಧ್ಯಾಯ ಓದಿ, ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. 6ನೇ ಅಧ್ಯಾಯದ ಕೊನೆಗೆ ಬಂದಾಗ ನಿಧಾನ ಮಾಡಿ: ನಾಳೆಯ ಚಿಂತೆ ಬೇಡ ಅನ್ನುವ ಆ ಸಾಲು ನಾಳೆ ಎಲ್ಲ ಸರಿಹೋಗುತ್ತದೆ ಎಂದು ಹೇಳುವುದಿಲ್ಲ. ಇವತ್ತಿನ ಕಷ್ಟ ಇವತ್ತಿಗೆ ಸಾಕು ಎನ್ನುತ್ತದೆ, ಅಷ್ಟೇ. ಆಮೇಲೆ ಮಾರ್ಕ 4ರ ಕೊನೆಯ ಏಳು ವಚನ ಓದಿ. ಚರ್ಚಿಗೆ ಹೋಗಬೇಕು ಅಂತೇನೂ ಇಲ್ಲ, ನಾನು ಓದಿದ್ದು ಅಡುಗೆಮನೆ ನೆಲದ ಮೇಲೆ.