ಘಾಟಿಯಲ್ಲಿ ಮಾತ್ರ ಕುದಿಯುವ ಇಂಜಿನ್

ಪ್ರಶ್ನೆ: ನನ್ನದು ಹಳೇ ಡೀಸೆಲ್ ಪಿಕಪ್. ಕುಂದಾಪುರದಿಂದ ಹಂಚು, ತೆಂಗಿನಕಾಯಿ ಹೇರಿಕೊಂಡು ಹುಲಿಕಲ್ ಘಾಟಿ ಹತ್ತುವಾಗ ಅರ್ಧ ದಾರಿಗೇ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುತ್ತದೆ. ಶಿವಮೊಗ್ಗದ ಕಡೆ ಓಡಿಸಿದರೆ ಏನೂ ತೊಂದರೆ ಇಲ್ಲ. ಹೊಸ ರೇಡಿಯೇಟರ್ ಹಾಕಿಸಿದೆ, ಥರ್ಮೋಸ್ಟ್ಯಾಟ್ ತೆಗೆಸಿದೆ. ಈಗ ಹೆಡ್ (ಇಂಜಿನ್ನಿನ ಮೇಲ್ಭಾಗ) ಇಳಿಸಬೇಕು ಅನ್ನುತ್ತಿದ್ದಾರೆ. ಇಳಿಸಲಾ?
– ಓದುಗರು, ಹೊಸನಗರ

ಉತ್ತರ: ಸ್ವಲ್ಪ ತಡೀರಿ. ಹೆಡ್ ಇಳಿಸುವುದು ಕೊನೇ ಕೆಲಸ.

ಬಯಲಲ್ಲಿ ಸರಿ ಇದೆ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಅರವತ್ತರಲ್ಲಿ ಹೋಗುವಾಗ ಗಾಳಿ ತಾನಾಗೇ ರೇಡಿಯೇಟರಿಗೆ ನುಗ್ಗುತ್ತದೆ. ಘಾಟಿಯಲ್ಲಿ ಎರಡನೇ ಗೇರಲ್ಲಿ ತೆವಳುವಾಗ ಗಾಳಿ ಎಳೆಯುವುದು ಫ್ಯಾನ್ ಒಂದೇ, ಇಂಜಿನ್ನಿಗೆ ದುಡಿಮೆಯೂ ಜಾಸ್ತಿ. ನನಗೆ ಅನುಮಾನ ಫ್ಯಾನಿನ ಮೇಲೆಯೇ.

ಬಾನೆಟ್ ಎತ್ತಿ ನೋಡಿ. ಫ್ಯಾನಿನ ಸುತ್ತ ಶ್ರೌಡ್, ಅಂದರೆ ಗಾಳಿಗೆ ದಾರಿ ಮಾಡುವ ಬಳೆಯಂಥ ಕವಚ, ಇದೆಯಾ? ರೇಡಿಯೇಟರ್ ಬದಲಿಸುವಾಗ ಕ್ಲಿಪ್ ಮುರಿಯಿತು ಅಂತ ಅದನ್ನು ಮೂಲೆಗೆ ಎಸೆಯುವುದು ನಮ್ಮ ಮೆಕ್ಯಾನಿಕ್‌ಗಳ ಹಳೇ ಚಾಳಿ. (ನಾನೂ ಅದೇ ಜಾತಿಯವನು, ಬೈಯುವ ಹಕ್ಕಿದೆ.) ಅದಿಲ್ಲದಿದ್ದರೆ ಫ್ಯಾನ್ ಹೊರಗಿನ ತಣ್ಣನೆ ಗಾಳಿ ಎಳೆಯುವುದಿಲ್ಲ, ಬಾನೆಟ್ ಒಳಗಿನ ಬಿಸಿಗಾಳಿಯನ್ನೇ ಸುಮ್ನೆ ತಿರುವುತ್ತಿರುತ್ತದೆ. ಶ್ರೌಡ್ ಇದ್ದರೆ ಬೆಲ್ಟ್ ನೋಡಿ, ಸಡಿಲ ಆಗಿರಬಹುದು. ಆಮೇಲೆ ಇಂಜಿನ್ ಚೆನ್ನಾಗಿ ಕಾಯಿಸಿ, ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು ಫ್ಯಾನನ್ನು ಕೈಯಲ್ಲಿ ತಿರುಗಿಸಿ. ವಿಸ್ಕಸ್ ಕ್ಲಚ್ (ಬಿಸಿಯಾದಾಗ ಒಳಗಿನ ಎಣ್ಣೆಯಿಂದ ಫ್ಯಾನನ್ನು ಬಿಗಿ ಹಿಡಿದು ತಿರುಗಿಸುವ ಭಾಗ) ಇರುವ ಫ್ಯಾನಾದರೆ ಬಿಗಿಯಾಗಿ ತಿರುಗಬೇಕು. ಬುಗುರಿ ಹಾಗೆ ಗಿರ್ರಂತ ಸುತ್ತಿದರೆ ಕ್ಲಚ್ ಹೋಗಿದೆ. ಒಳಗಿನ ಸಿಲಿಕೋನ್ ಎಣ್ಣೆ ಸೋರಿದ್ದರೆ ಅದರ ಮೈಮೇಲೆ ಜಿಡ್ಡಿಗೆ ಧೂಳು ಮೆತ್ತಿಕೊಂಡಿರುತ್ತದೆ.

ಥರ್ಮೋಸ್ಟ್ಯಾಟ್ ವಾಪಸ್ ಹಾಕಿಸಿ. ಸುಮಾರು 82 ಡಿಗ್ರಿಗೆ ಅದು ತೆರೆದು ಬಿಸಿನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಕೆಲವು ಇಂಜಿನ್‌ಗಳಲ್ಲಿ ತೆರೆಯುವಾಗಲೇ ಬೈಪಾಸ್ ದಾರಿಯನ್ನು, ಅಂದರೆ ನೀರು ಇಂಜಿನ್ನಿಗೇ ವಾಪಸ್ ಹೋಗುವ ಅಡ್ಡದಾರಿಯನ್ನು, ಮುಚ್ಚುವುದೂ ಅದೇ. ಅದನ್ನು ಕಿತ್ತು ಹಾಕಿದರೆ ಬಿಸಿನೀರು ಒಂದಿಷ್ಟು ರೇಡಿಯೇಟರ್ ಮುಟ್ಟದೆ ಹಾಗೇ ತಿರುಗಿ ಬರುತ್ತದೆ.

ಹಳೇ ಮುಚ್ಚಳವನ್ನೇ ಹೊಸ ರೇಡಿಯೇಟರಿಗೆ ಹಾಕಿದ್ದಾರಾ? ಮೇಲೆ 0.9 ಅಂತ ಬರೆದಿದ್ದರೆ ಆ ಒತ್ತಡದಲ್ಲಿ ಬರೀ ನೀರು ಕುದಿಯುವುದು 118 ಡಿಗ್ರಿ ಹತ್ತಿರ. ರಬ್ಬರ್ ಒಣಗಿದ್ದರೆ ನೂರಕ್ಕೇ ಕುದಿಯುತ್ತದೆ. ಹಳ್ಳದ ನೀರು ಸುರಿಯುವುದನ್ನೂ ಬಿಡಿ.

ಇನ್ನು ಹೆಡ್. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಮೊದಲು ನಾಲ್ಕು ಗುಳ್ಳೆ ಬಂದು ನಿಂತರೆ ಹೆದರಬೇಡಿ, ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಅದು. ನಿಲ್ಲದೆ ಬುಳಬುಳ ಬರುತ್ತಿದ್ದರೆ, ಅಥವಾ ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದ ಒಂದೇ ನಿಮಿಷಕ್ಕೆ ಮೇಲಿನ ಹೋಸ್ ಕಲ್ಲಾದರೆ, ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ (ಸೋರದಂತೆ ತಡೆಯುವ ಹಾಳೆ) ಹೋಗಿದೆ ಅನ್ನಬಹುದು. ಆಗ ಇಳಿಸಿ. ಇಳಿಸಿದ ಮೇಲೆ ಹೆಡ್ ಸೊಟ್ಟಗಾಗಿದೆಯಾ ಅಂತ ಲೇತ್‌ನವರ ಹತ್ತಿರ ನೋಡಿಸದೆ ಮತ್ತೆ ಕೂರಿಸಬೇಡಿ.

ಇದೆಲ್ಲ ಮುಗಿಯುವ ಮೊದಲೇ ಲೋಡು ತರಲೇಬೇಕಾದರೆ ಅರ್ಧ ಲೋಡು ತನ್ನಿ. ಮುಳ್ಳು ಏರಿತು ಅಂದರೆ ಹೇಗೋ ಘಾಟಿ ಮೇಲಿನ ಮಾಸ್ತಿಕಟ್ಟೆ ಮುಟ್ಟೋಣ ಅಂತ ಎಳೆಯಬೇಡಿ. ಬದಿಗೆ ನಿಲ್ಲಿಸಿ. ನೀರು ಸೋರುತ್ತಿಲ್ಲ ಅಂದರೆ ತಕ್ಷಣ ಆಫ್ ಮಾಡದೆ ಒಂದೆರಡು ನಿಮಿಷ ನ್ಯೂಟ್ರಲ್‌ನಲ್ಲಿ ಓಡಲು ಬಿಡಿ. ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ.