ಫ್ಲಾಪಿಯಿಂದ ತಂದ ಫೈಲ್ ಮಾತ್ರ ಕೆಡುತ್ತಿದೆ, ಯಾಕೆ?

ಪ್ರಶ್ನೆ: ಹಳೆಯ 386 ಕಂಪ್ಯೂಟರ್‌ಗೆ ನಾನೇ ಒಂದು ಐಎಸ್ಎ ಕಾರ್ಡ್ (ಮದರ್‌ಬೋರ್ಡಿನ ಹಳೆಯ ಮಾದರಿಯ ಸ್ಲಾಟಿಗೆ ಹಾಕುವ ಕಾರ್ಡ್) ಮಾಡಿದ್ದೇನೆ. ಅದರಲ್ಲಿ ಒಂದು 8255 (ಪೋರ್ಟ್ ಚಿಪ್), ಒಂದು 74ಎಲ್ಎಸ್688 (ವಿಳಾಸ ಹೋಲಿಸುವ ಚಿಪ್), ಒಂದು 74ಎಲ್ಎಸ್245 (ಡೇಟಾ ಬಫರ್) ಇವೆ. ವಿಳಾಸ ಹೆಕ್ಸ್ 300ರಿಂದ 303. ಡಾಸ್‌ನ ಡಿಬಗ್ ಪ್ರೋಗ್ರಾಮಿನಿಂದ 303ಕ್ಕೆ 80, ಆಮೇಲೆ 300ಕ್ಕೆ ಎಫ್ಎಫ್ ಕಳಿಸಿದರೆ ಪೋರ್ಟ್‌ಗೆ ಜೋಡಿಸಿದ ಎಂಟೂ ಎಲ್ಇಡಿ ಹತ್ತುತ್ತವೆ. ಆದರೆ ಕಾರ್ಡ್ ಹಾಕಿದಾಗಿನಿಂದ ಫ್ಲಾಪಿಯಿಂದ ಕಾಪಿ ಮಾಡಿದ ಫೈಲ್‌ಗಳು ಕೆಡುತ್ತಿವೆ. ಎರರ್ ಏನೂ ಬರುವುದಿಲ್ಲ. ಫ್ಲಾಪಿಗೆ ಬರೆಯುವಾಗ ಎಲ್ಇಡಿಗಳು ತಾವಾಗಿಯೇ ಮಿನುಗುತ್ತವೆ. ಹಾರ್ಡ್ ಡಿಸ್ಕ್ ಚೆನ್ನಾಗಿದೆ. ಫ್ಲಾಪಿ ಡ್ರೈವ್ ಬದಲಿಸಬೇಕಾ?

ಉತ್ತರ: ಬೇಡ, ಡ್ರೈವ್‌ನ ತಪ್ಪಲ್ಲ. ಎಲ್ಇಡಿ ತಾವಾಗಿಯೇ ಮಿನುಗುತ್ತವೆ ಎಂದು ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ. ಬಸ್ (ಎಲ್ಲ ಕಾರ್ಡ್‌ಗಳೂ ಹಂಚಿಕೊಳ್ಳುವ ತಂತಿಗಳು) ಮೇಲಿನ ವಿಳಾಸ ಸಿಪಿಯುವಿನದಲ್ಲ ಎಂದು ತಿಳಿಸುವ ಎಇಎನ್ ಸಿಗ್ನಲ್ ನಿಮ್ಮ ಕಾರ್ಡಿಗೆ ಹೋಗುತ್ತಿಲ್ಲ.

ಫ್ಲಾಪಿಯ ಡೇಟಾ ಡಿಎಂಎ ಮೂಲಕ, ಅಂದರೆ ಸಿಪಿಯು ನಡುವೆ ಬಾರದೆ, ನೇರವಾಗಿ ಮೆಮೊರಿಗೆ ಹೋಗುತ್ತದೆ. ಆಗ ಬಸ್ ಮೇಲೆ ಇರುವುದು ಮೆಮೊರಿಯ ವಿಳಾಸ, ಆದರೆ ಪೋರ್ಟ್ ಓದಲು ಹೇಳುವ ಐಒ ರೀಡ್ ಲೈನ್ ಕೂಡ ಕೆಳಗಿಳಿದಿರುತ್ತದೆ, ಅಂದರೆ ಚಾಲೂ ಇರುತ್ತದೆ. ಆ ವಿಳಾಸದ ಕೆಳಗಿನ ಹತ್ತು ಬಿಟ್ 300ರಿಂದ 303ರೊಳಗೆ ಬಂದ ಕೂಡಲೇ ನಿಮ್ಮ ಕಾರ್ಡ್ ತನ್ನನ್ನೇ ಕರೆದರು ಅಂದುಕೊಂಡು ಉತ್ತರ ಕೊಡುತ್ತದೆ. ಒಂದೇ ಲೈನ್ ಮೇಲೆ ಇಬ್ಬರು ಮಾತಾಡಿದರೆ ಬೈಟ್ ಕೆಡದೆ ಇರುತ್ತದಾ? ಪ್ರತಿ 1024 ಬೈಟ್‌ಗೆ ನಾಲ್ಕು ಬೈಟ್‌ವರೆಗೆ ಹಾಳಾಗುತ್ತವೆ. ಫ್ಲಾಪಿ ಕಂಟ್ರೋಲರ್ ಡೇಟಾ ಸರಿಯಿದೆಯಾ ಎಂದು ನೋಡುವ ಸಿಆರ್‌ಸಿ ಪರೀಕ್ಷೆಯನ್ನು ತನ್ನೊಳಗೇ ಮುಗಿಸಿರುತ್ತದೆ. ಡೇಟಾ ಕೆಡುವುದು ಅದರ ಕೈ ದಾಟಿದ ಮೇಲೆ, ಹಾಗಾಗಿ ಎರರ್ ಬರುವುದಿಲ್ಲ. ಬರೆಯುವಾಗ ಇದೇ ಕಥೆ ಐಒ ರೈಟ್ ಲೈನ್‌ನಲ್ಲಿ ನಡೆಯುತ್ತದೆ, ಫೈಲಿನ ಬೈಟ್‌ಗಳು ನಿಮ್ಮ ಪೋರ್ಟ್‌ಗೆ ಬಂದು ಬೀಳುತ್ತವೆ. 386ರ ಐಡಿಇ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ಡಿಎಂಎ ಬಳಸುವುದಿಲ್ಲ, ಅದಕ್ಕೇ ಅದು ಪಾರಾಗಿದೆ.

ಖಾತ್ರಿ ಮಾಡಿಕೊಳ್ಳಬೇಕಾ? ಕಾರ್ಡ್ ತೆಗೆದು ಫ್ಲಾಪಿಯ ಒಂದು ದೊಡ್ಡ ಫೈಲನ್ನು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಕಾರ್ಡ್ ಹಾಕಿ ಅದೇ ಫೈಲನ್ನು ಬೇರೆ ಹೆಸರಲ್ಲಿ ಕಾಪಿ ಮಾಡಿ. ಎರಡನ್ನೂ ಎಫ್‌ಸಿ ಕಮಾಂಡ್‌ನಲ್ಲಿ ಬಿ ಸ್ವಿಚ್ ಹಾಕಿ ಹೋಲಿಸಿ. ವ್ಯತ್ಯಾಸಗಳು ಬಹುತೇಕ ಹೆಕ್ಸ್ 400ರ ಅಂತರದಲ್ಲಿ ಗುಂಪಾಗಿ ಕಾಣುತ್ತವೆ.

ಸರಿಪಡಿಸುವುದು ಸುಲಭ. 688ರ ಎಂಟು ಜೋಡಿ ಪಿನ್‌ಗಳಿಗೆ ನೀವು ಅಡ್ರೆಸ್ ಲೈನ್ ಎ2ರಿಂದ ಎ9 ಕೊಟ್ಟಿರುತ್ತೀರಿ, ಪಿನ್ 1 ಅನ್ನು ಸುಮ್ನೆ ಗ್ರೌಂಡ್‌ಗೆ ಕಟ್ಟಿರುತ್ತೀರಿ. ಬಹಳ ಜನ ಹೀಗೇ ಮಾಡುತ್ತಾರೆ. ಆ ಪಿನ್ ಲೋ ಇದ್ದರೆ ಮಾತ್ರ ಚಿಪ್ ಕೆಲಸ ಮಾಡುತ್ತದೆ. ಎಇಎನ್ ಕೂಡ ಸಿಪಿಯು ಮಾತಾಡುವಾಗ ಲೋ, ಡಿಎಂಎ ನಡೆಯುವಾಗ ಹೈ. ಹಾಗಾಗಿ ಬೇರೆ ಗೇಟ್ ಬೇಕಿಲ್ಲ. ಗ್ರೌಂಡಿನ ಟ್ರ್ಯಾಕನ್ನು ಬ್ಲೇಡಿನಿಂದ ಕತ್ತರಿಸಿ, ಪಿನ್ 1ರಿಂದ ಸ್ಲಾಟಿನ ಎ11ಕ್ಕೆ ಒಂದು ತೆಳು ವೈರ್ ಬೆಸೆಯಿರಿ. ಎ11 ಅಂದರೆ ಬ್ರಾಕೆಟ್ ಕಡೆಯಿಂದ ಎಣಿಸಿದಾಗ ಕಾಂಪೊನೆಂಟ್ ಬದಿಯ ಹನ್ನೊಂದನೇ ಬೆರಳು. ಅಡ್ರೆಸ್ ಲೈನ್ ಎ11 ಬೇರೆ, ಈ ಹೆಸರಿನ ಗೊಂದಲದಲ್ಲಿ ತಪ್ಪು ಜಾಗಕ್ಕೆ ಬೆಸೆಯಬೇಡಿ.

ಕಾರ್ಡ್ ಹೊರಗಿರುವಾಗಲೇ ಮಲ್ಟಿಮೀಟರ್‌ನಿಂದ ಎರಡು ಕಡೆ ನೋಡಿ. 688ರ ಪಿನ್ 1ಕ್ಕೂ ಗ್ರೌಂಡ್ ಆದ ಪಿನ್ 10ಕ್ಕೂ ಸಂಪರ್ಕ ಇರಬಾರದು. ಸ್ಲಾಟ್ ಬೆರಳು ಬಿ1 ಮತ್ತು ಬಿ3 ನಡುವೆ, ಅಂದರೆ ಗ್ರೌಂಡ್ ಮತ್ತು 5 ವೋಲ್ಟ್ ನಡುವೆ, ಶಾರ್ಟ್ ಇರಬಾರದು. ಪವರ್ ಇರುವಾಗ ಕಾರ್ಡ್ ಹಾಕಲೂಬೇಡಿ, ತೆಗೆಯಲೂಬೇಡಿ.

ಪೋರ್ಟ್‌ಗೆ ರಿಲೇ, ಮೋಟಾರ್ ಜೋಡಿಸುವ ಯೋಚನೆ ಇದ್ದರೆ ಈಗಲೇ ಬೇಡ. ಮೊದಲು ಒಂದು ಫ್ಲಾಪಿ ತುಂಬುವಷ್ಟು ಫೈಲ್ ಬರೆದು ನೋಡಿ. ಅಷ್ಟು ಹೊತ್ತೂ ಎಂಟು ಎಲ್ಇಡಿ ಒಮ್ಮೆಯೂ ಮಿನುಗದಿದ್ದರೆ ಆಮೇಲೆ ಜೋಡಿಸಿ.